ಏಲಿಯಮ್ಮನಿಗೆ ಬರೆದ ಸನ್ಮಾನ ಪತ್ರ

ಪ್ಲಾಸ್ಟಿಕ್ ಕವರಿನಿಂದ ಆಗಷ್ಟೇ ಹೊರಗೆ ತೆಗೆದ ಸನ್ಮಾನದ ಶಾಲಿಗೆ ಒಂದು ವಾಸನೆ ಇದೆ. ಗಂಜಿ ಹಾಕಿದ ಬಟ್ಟೆ, ಸ್ವಲ್ಪ ನುಸಿಗುಳಿಗೆ, ಸ್ವಲ್ಪ ಅಂಗಡಿಯ ಕಪಾಟು, ಇಷ್ಟೂ ಸೇರಿದ ವಾಸನೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಐವತ್ತು ದಾಟಿಯೂ ಒಮ್ಮೆಯೂ ಶಾಲು ಹೊದೆಸಿಕೊಳ್ಳದ ಮನುಷ್ಯರು ಯಾರಾದರೂ ಇದ್ದರೆ, ಅದೇ ಕಾರಣಕ್ಕೆ ಅವರನ್ನು ಹುಡುಕಿ ತಂದು ಸನ್ಮಾನಿಸುವಷ್ಟು ಉತ್ಸಾಹ ನಮ್ಮ ಯುವಕ ಮಂಡಲಗಳಿಗಿದೆ. ತಮಾಷೆ ಎಂದುಕೊಳ್ಳಬೇಡಿ. ಕನ್ನಡ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ನನಗೆ ಸಿಕ್ಕಿದ ಎರಡನೆಯ ಉದ್ಯೋಗವೇ ಸನ್ಮಾನ ಪತ್ರ ಬರೆಯುವುದು.

ಇವತ್ತು ಬೆಳಿಗ್ಗೆ ಯುವಕ ಮಂಡಲದ ಇಬ್ಬರು ಬಂದು ಅಂಥದೊಂದು ಶಾಲನ್ನು ನನ್ನ ಮೇಜಿನ ಮೇಲಿಟ್ಟರು. "ಇದು ನಿಮ್ಮಲ್ಲಿ ಇರ್ಲಿ ಮಾಸ್ಟ್ರೇ, ಸಂಘದ ಕೋಣೆಯಲ್ಲಿ ಇಲಿ ಉಂಟು" ಎಂದರು. ಜೊತೆಗೊಂದು ಪತ್ರವೂ ಬೇಕಂತೆ. ಉಪ್ಪಿನಂಗಡಿಯಲ್ಲಿ ನೆರೆ ಏರಿದಾಗ ದೋಣಿಯಲ್ಲಿ ಜನರನ್ನು ದಾಟಿಸಿದ ಒಬ್ಬರಿಗೆ ಸನ್ಮಾನ. "ಎಂತ ಬರೆದ್ರೂ ಅಡ್ಡಿಲ್ಲ ಮಾಸ್ಟ್ರೇ, ಮಾನವತಾವಾದಿ ಅಂತ ಒಂದು ಶಬ್ದ ಇರ್ಲಿ. ಅದಿಲ್ಲದಿದ್ರೆ ಗತ್ತು ಬರುದಿಲ್ಲ" ಎಂದು ಹೇಳಿ, ಕೊಟ್ಟ ಚಹಾ ಕುಡಿದು, ಬೈಕ್ ಏರಿ ಹೋದರು.

ನಾನು ಕಾಗದ ತೆಗೆದು ಕುಳಿತೆ. ಹೆಸರು ಬರೆದೆ, ಊರು ಬರೆದೆ. ಆ ಶಬ್ದ ಮಾತ್ರ ಬರೆಯಲಾಗಲಿಲ್ಲ.

ಈ ಶಬ್ದದ ವಿಷಯದಲ್ಲಿ ನಾನು ಕೈ ಬಿಗಿ ಹಿಡಿದವನಲ್ಲ. ಸಹಕಾರಿ ಸಂಘದ ಅಧ್ಯಕ್ಷರಿಗೆ ಬರೆದಿದ್ದೇನೆ, ಶಾಮಿಯಾನ ಬಾಡಿಗೆ ಬಿಟ್ಟುಕೊಟ್ಟವರಿಗೆ ಬರೆದಿದ್ದೇನೆ, ವರ್ಗವಾಗಿ ಹೋಗುವ ಅಧಿಕಾರಿಗೆ, ಅವರು ಹೋಗುವುದೇ ನಮಗೊಂದು ಉಪಕಾರವಾಗಿದ್ದರೂ, ಬರೆದಿದ್ದೇನೆ. "ಸರಳತೆಯ ಸಾಕಾರಮೂರ್ತಿ, ಕೊಡುಗೈ ದಾನಿ, ಅಪ್ಪಟ ಮಾನವತಾವಾದಿ" ಎಂಬ ಸಾಲು ನನ್ನ ಬೆರಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಒಮ್ಮೆ ರೇಷನ್ ಅಂಗಡಿಗೆ ಕೊಡಬೇಕಾದ ಅರ್ಜಿಯಲ್ಲೂ ಅರ್ಧ ಬರೆದು ಹೊಡೆದುಹಾಕಿದ್ದೆ.

ಹಾಗೆ ನೋಡಿದರೆ ಈ ಮಾತನ್ನು ಎಲ್ಲರೂ ಧಾರಾಳವಾಗಿಯೇ ಬಳಸುತ್ತಾರೆ. ಹಾಜರಿ ಕಡಿಮೆಯಾದ ಹುಡುಗನ ತಂದೆ "ಮಾನವೀಯ ನೆಲೆಯಲ್ಲಿ ಪರಿಗಣಿಸಬೇಕು" ಎಂದು ಅರ್ಜಿ ಬರೆಯುತ್ತಾರೆ. ಬಿದ್ದ ಪರ್ಸನ್ನು ಹಿಂದಿರುಗಿಸಿದ ಆಟೋದವರು ಮರುದಿನ ಪತ್ರಿಕೆಯಲ್ಲಿ "ಮಾನವೀಯತೆ ಮೆರೆದ ಚಾಲಕ" ಆಗುತ್ತಾರೆ. ದೂರದ ದೇಶದಲ್ಲಿ ಯುದ್ಧವಾದರೆ ಟಿ.ವಿ.ಯಲ್ಲಿ ಮಾನವೀಯ ನೆರವಿನ ಲಾರಿಗಳು ಸಾಲಾಗಿ ನಿಂತಿರುತ್ತವೆ. ನಾನೇ ತರಗತಿಯಲ್ಲಿ "ಜಾತಿ, ಮತ, ಭಾಷೆಗಳ ಭೇದವಿಲ್ಲದೆ ಮನುಷ್ಯರ ಒಳಿತಿಗಾಗಿ ದುಡಿಯಬೇಕೆಂಬ ತತ್ತ್ವವೇ ಮಾನವತಾವಾದ" ಎಂದು ಬೋರ್ಡಿನ ಮೇಲೆ ಬರೆದು, ಎರಡು ಸಲ ಓದಿಸಿ, ಪರೀಕ್ಷೆಯಲ್ಲಿ ಹಾಗೆಯೇ ಬರೆದವರಿಗೆ ಪೂರ್ತಿ ಅಂಕ ಕೊಟ್ಟಿದ್ದೇನೆ. ವ್ಯಾಖ್ಯೆಯಲ್ಲಿ ಈಗಲೂ ತಪ್ಪಿಲ್ಲ. ಆದರೆ ಅದನ್ನು ಬರೆದವನು ಏಲಿಯಮ್ಮನನ್ನು ಕಂಡಿರಲಿಲ್ಲ.

ಏಲಿಯಮ್ಮ ನಮ್ಮೂರಿನವಳೇ. ಬೆಳ್ಳಾರೆಗೂ ಕಡಬಕ್ಕೂ ನಡುವೆ ಇರುವ ನಮ್ಮ ಊರಿಗೆ ಅವಳ ಅಪ್ಪ ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ಹಾಕಿದವರು. ಅವಳು ಪ್ರಾಯದಲ್ಲಿ ಮಂಗಳೂರಿನ ಯಾವುದೋ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಯಾರಾದರೂ ಗೌರವದಿಂದ "ನರ್ಸಮ್ಮ" ಎಂದರೆ ತಕ್ಷಣ ತಿದ್ದುತ್ತಿದ್ದಳು: "ನರ್ಸ್ ಅಲ್ಲ, ಆಯಾ. ನರ್ಸಿಗೆ ಬಿಳಿ ಚಪ್ಪಲಿ ಉಂಟು." ಗಂಡ ತೀರಿಕೊಂಡ ಮೇಲೆ ಊರಿಗೆ ಬಂದು, ಬೆಳಿಗ್ಗೆ ತನ್ನ ರಬ್ಬರ್ ಮರಗಳ ತೊಗಟೆ ಗೀರುವ ಟ್ಯಾಪಿಂಗ್ ತಾನೇ ಮಾಡಿಕೊಂಡು, ಇಳಿದ ರಬ್ಬರ್ ಹಾಲಿಗೆ ಹೆಪ್ಪು ಹಾಕಿ ಶೀಟು ಒತ್ತಿ ಒಣಗಿಸಿಕೊಂಡು ಇದ್ದಳು. ಗಿಡ್ಡ ದೇಹ, ದೊಡ್ಡ ಕೈಗಳು. ಮಾತು ಮಾತ್ರ ಸ್ವಲ್ಪ ಒರಟು. ಅವಳು ನಕ್ಕದ್ದನ್ನು ನೋಡಿದವರು ಕಡಿಮೆ, ನಾನು ಅವಳಿಗೆ ಹೆದರುತ್ತಿದ್ದೆ ಎಂದರೂ ಸುಳ್ಳಲ್ಲ.

ಊರಿನ ಚೆನ್ನಪ್ಪ ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಮದ್ದು ಬಿಡುವವನು. ಒಂದು ಮರದ ತಲೆಯಿಂದ ಇನ್ನೊಂದಕ್ಕೆ ಕೆಳಗಿಳಿಯದೆಯೇ ದಾಟುವಷ್ಟು ಚುರುಕಾಗಿದ್ದವನು, ಒಂದು ದಿನ ಕೆಳಗೆ ಬಿದ್ದ. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಬಲವೂ ಇಲ್ಲ, ಸ್ಪರ್ಶವೂ ಇಲ್ಲ. ಹೆಂಡತಿ ಗಿರಿಜ ಗೇರುಬೀಜದ ಕಾರ್ಖಾನೆಗೆ ಹೋಗುವವಳು, ಬೆಳಿಗ್ಗೆ ಏಳರ ಬಸ್ಸಿಗೆ ಹೋದರೆ ಬರುವುದು ಸಂಜೆ ಐದೂವರೆಗೆ. ಅವಳು ಹೋಗದಿದ್ದರೆ ಒಲೆ ಉರಿಯುವುದಿಲ್ಲ. ಆದರೆ ಚೆನ್ನಪ್ಪನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಒತ್ತು ಬಿದ್ದ ಕಡೆ ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ, ಹುಣ್ಣು ಎಲುಬಿನವರೆಗೆ ಹೋಗುತ್ತದೆ. ನೋವು ಗೊತ್ತಾಗದವನಿಗೆ ಅದು ತಿಳಿಯುವುದೂ ಇಲ್ಲ. ನಮ್ಮ ಕಡೆ ಮರದಿಂದ ಬಿದ್ದವರು ಹಲವರು ಇದ್ದಾರೆ. ಬಿದ್ದ ಪೆಟ್ಟಿಗಿಂತ ಈ ಹುಣ್ಣಿನಿಂದ ಹೋದವರೇ ಹೆಚ್ಚೆಂದು ಏಲಿಯಮ್ಮ ಹೇಳುತ್ತಿದ್ದಳು.

ಊರಿನವರೆಲ್ಲ ಹೋಗಿ ನೋಡಿ ಬಂದೆವು. ಕಿತ್ತಳೆ, ಹಾರ್ಲಿಕ್ಸ್ ಕೊಟ್ಟೆವು. ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಟ್ಟೆವು. ಏಲಿಯಮ್ಮನೂ ಹೋದಳು, ಬರಿಗೈಯಲ್ಲಿ. ಹೋದವಳು ಕಿತ್ತಳೆಗಳನ್ನು ಬದಿಗೆ ಸರಿಸಿ, ಅವನ ಮನೆಯ ಎದುರಿನ ದಾರಿಯಲ್ಲಿ ಯಾವ ಹೊತ್ತಿಗೆ ಯಾರು ಹಾದು ಹೋಗುತ್ತಾರೆಂದು ಗಿರಿಜಳನ್ನು ವಿಚಾರಿಸಿದಳಂತೆ. ನನಗೆ ಇವತ್ತಿಗೂ ಆಶ್ಚರ್ಯ ಹುಟ್ಟಿಸುವುದು ಇದೇ. ನಾವು ಯಾರು ಒಳ್ಳೆಯವರು, ಯಾರು ಸಹಾಯ ಮಾಡಿಯಾರು ಎಂದು ಲೆಕ್ಕ ಹಾಕುವವರು. ಅವಳು ದಾರಿ ನೋಡಿದಳು. ಗಿರಿಜ ಬಸ್ಸಿಗೆ ಹೊರಟ ಮೇಲೆ, ಆರೂವರೆಗೆ, ಡೈರಿಗೆ ಹಾಲು ಕೊಂಡುಹೋಗುವವರು ಆ ಮನೆಯ ಎದುರಿನಿಂದಲೇ ಹೋಗಬೇಕು. ಎಂಟೂವರೆಗೆ ಟ್ಯಾಪಿಂಗ್ ಮುಗಿಸಿ ಅವಳೇ ಬರಬಹುದು. ಹತ್ತೂವರೆಗೆ ಮೀನಿನ ಹಮೀದನ ಸ್ಕೂಟರ್. ಹನ್ನೆರಡೂವರೆಗೆ ಅಂಚೆಯವರು. ಎರಡೂವರೆಗೆ ಶಾಲೆಯ ಅಡುಗೆಯವರು ಪಾತ್ರೆ ತೊಳೆದು ಮನೆಗೆ ಹೊರಡುವ ಹೊತ್ತು. ನಾಲ್ಕೂವರೆಗೆ ಪುನಃ ಅವಳೇ. ಅಲ್ಲಿಂದಾಚೆ ಗಿರಿಜ. ಒಬ್ಬೊಬ್ಬರನ್ನೂ ದಾರಿಯಲ್ಲೇ ನಿಲ್ಲಿಸಿ, "ನಿಮ್ಗೆ ಐದು ನಿಮಿಷ ತಡ ಆದ್ರೆ ಲೋಕ ಮುಳುಗುದಿಲ್ಲ" ಎಂದು ಒಪ್ಪಿಸಿದಳು. ಒಬ್ಬರಾದರೂ ಇಲ್ಲ ಎಂದದ್ದು ನನಗೆ ತಿಳಿಯದು.

ಜಗಲಿಯ ಕಂಬಕ್ಕೆ ಎರಡು ಮೊಳೆ ಹೊಡೆದು, ರಬ್ಬರ್ ಹಾಲು ಹಿಡಿಯುವ ಒಂದು ತೆಂಗಿನ ಗೆರಟೆ ತೂಗುಹಾಕಿದಳು. ಗೆರಟೆ ಎಡದ ಮೊಳೆಯಲ್ಲಿದ್ದರೆ ಚೆನ್ನಪ್ಪ ಎಡಮಗ್ಗುಲಲ್ಲಿದ್ದಾನೆ ಎಂದು ಅರ್ಥ. ಬಂದವರು ಅವನನ್ನು ಬಲಕ್ಕೆ ತಿರುಗಿಸಿ ಗೆರಟೆಯನ್ನೂ ಬಲಕ್ಕೆ ಹಾಕಿ ಹೋಗಬೇಕು. ಕೈ ತೊಳೆಯಬೇಕು. ಮೊದಲು ಅವನನ್ನು ಕೇಳಬೇಕು, ಅವನು ಹೂಂ ಎಂದ ಮೇಲೆಯೇ ಮುಟ್ಟಬೇಕು. ಹಮೀದ ಮೀನಿನ ವಾಸನೆ ಹೋಗುವವರೆಗೆ ಸೋಪು ಉಜ್ಜುತ್ತಿದ್ದದ್ದನ್ನು, ಚೆನ್ನಪ್ಪ ಒಳಗಿನಿಂದ "ಸಾಕು ಮಾರಾಯ, ಇವತ್ತು ಬಂಗುಡೆ ಅಂತ ನನಗೆ ಆಗ್ಲೇ ಗೊತ್ತಾಯ್ತು" ಎಂದು ನಗುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ.

ನಾನು ಕೇಳಿದ್ದು ಜಗಲಿಯಲ್ಲಿ ಕುಳಿತು. ಒಳಗೆ ಹೋಗಿರಲಿಲ್ಲ. ಒಮ್ಮೆ ಹೋಗಿದ್ದೆ, ಅವಳು ಅವನನ್ನು ತಿರುಗಿಸುವುದನ್ನು ನೋಡಿ ಬಾಗಿಲಲ್ಲೇ ನಿಂತು "ಪಾಪ" ಎಂದೆ. ಏಲಿಯಮ್ಮ ತಲೆ ಎತ್ತಿದಳು.

"ಪಾಪ ಹೇಳ್ಲಿಕ್ಕೆ ಬೇರೆ ಜನ ಉಂಟು ಮಾಷೆ. ನೀವು ಸೊಂಟ ಹಿಡೀರಿ."

ನನಗೆ ಬೆನ್ನುನೋವು ಇದೆ ಎಂದು ಹೇಳಿದೆ. ಇದ್ದದ್ದು ನಿಜ, ಆದರೆ ಆ ಹೊತ್ತಿನಲ್ಲಿ ಇರಲಿಲ್ಲ.

ಹೀಗೆ ಎರಡು ವರ್ಷ ಚೆನ್ನಪ್ಪನ ಮೈಯಲ್ಲಿ ಒಂದು ಹುಣ್ಣೂ ಆಗಲಿಲ್ಲ. ಸುದ್ದಿ ಬೆಳ್ಳಾರೆಗೆ ಮುಟ್ಟಿತು. ಅಲ್ಲಿನ ಒಂದು ಸಂಘದವರು ವಾರ್ಷಿಕೋತ್ಸವಕ್ಕೆ ಏಲಿಯಮ್ಮನನ್ನು ಸನ್ಮಾನಿಸುವುದೆಂದೂ, ಅದೇ ವೇದಿಕೆಯಲ್ಲಿ ಚೆನ್ನಪ್ಪನಿಗೆ ಗಾಲಿಕುರ್ಚಿ ಕೊಡುವುದೆಂದೂ ತೀರ್ಮಾನಿಸಿದರು. ಪತ್ರ ಬರೆಯುವ, ಓದುವ, ಕಾರ್ಯಕ್ರಮ ನಿರೂಪಿಸುವ ಮೂರೂ ಹೊಣೆ ನನ್ನದು. ಅವಳನ್ನು ಒಪ್ಪಿಸುವ ನಾಲ್ಕನೆಯದನ್ನೂ ನಾನೇ ಉತ್ಸಾಹದಿಂದ ವಹಿಸಿಕೊಂಡೆ.

"ಬೇಡ ಮಾಷೆ" ಎಂದಳು. ನಾನು ಭಾಷಣ ಮಾಡಿದೆ. ನಿಮ್ಮನ್ನು ನೋಡಿ ನಾಲ್ಕು ಜನ ಕಲಿಯುತ್ತಾರೆ ಇತ್ಯಾದಿ. "ನಾಲ್ಕು ಜನ ಇಲ್ಲಿಗೇ ಬರ್ಲಿ, ಕಲಿಸುವ" ಎಂದಳು. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವಳನ್ನು ಮಲಯಾಳದಲ್ಲೇ ಅಕ್ಕ ಎಂದು ಕರೆಯುವ ಚೆನ್ನಪ್ಪ ಹಾಸಿಗೆಯಿಂದಲೇ ಹೇಳಿದ: "ನನಗೆ ಹೋಗ್ಬೇಕು ಚೇಚಿ. ಎರಡು ವರ್ಷ ಆಯ್ತು, ಆಸ್ಪತ್ರೆ ಬಿಟ್ರೆ ಬೇರೆ ಸೂರು ನೋಡ್ಲಿಲ್ಲ."

 ಅವನು ಕೇಳಿದ್ದನ್ನು ಏಲಿಯಮ್ಮ ಇಲ್ಲವೆನ್ನುವವಳಲ್ಲ. ನನ್ನ ಕಡೆ ತಿರುಗಿ ಹೇಳಿದಳು: "ಒಂದು ಗಂಟೆ. ಮೊದ್ಲು ನಮ್ದು ಮುಗಿಸಿ ಕಳಿಸ್ಬೇಕು. ಕಾಲು ಗಂಟೆಗೊಮ್ಮೆ ಇಬ್ರು ಸೇರಿ ಅವನನ್ನು ಕುರ್ಚಿಯಿಂದ ಎತ್ತಿ ಹಿಡೀಬೇಕು. ಹಮೀದ್ ಹತ್ರ ಇರ್ಬೇಕು. ಆಗ್ತದಾ?"

"ಖಂಡಿತ" ಎಂದೆ. ಈ ಶಬ್ದವನ್ನೂ ನಾನು ಧಾರಾಳವಾಗಿ ಬಳಸುವವನು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಕಡೆ ಗಂಡಸರು ಮದುವೆ ಮನೆಗೂ ಲುಂಗಿ, ಮುಂಡು ಉಟ್ಟು ಹೋಗುತ್ತಾರೆ, ಆದರೆ ಸ್ಟೇಜಿನಲ್ಲಿ ಫೋಟೊ ತೆಗೆಯುವುದಾದರೆ ಪ್ಯಾಂಟ್ ಆಗಬೇಕು. ಯಾರು ಮಾಡಿದ ನಿಯಮವೋ ತಿಳಿಯದು. ಚೆನ್ನಪ್ಪ ಲುಂಗಿಯಲ್ಲಿ ವೇದಿಕೆಗೆ ಬಂದರೆ ಅವನಿಗೆ ಮರ್ಯಾದೆ ಕಡಿಮೆಯಾದೀತೆಂದು ನನಗೆ ತೋರಿತು. ಹಾಗಾಗಿ ಅವನ ಅಳತೆಯ ಹೊಸ ಪ್ಯಾಂಟೊಂದನ್ನು ಪುತ್ತೂರಿನಿಂದ ತಂದು, ಅದೇ ದಿನ ಬೆಳಿಗ್ಗೆ ಗಿರಿಜಳ ಕೈಯಲ್ಲಿ ಕೊಟ್ಟೆ. ಏಲಿಯಮ್ಮ ಆಗಲೇ ಬೆಳ್ಳಾರೆಯ ಕಾರ್ಯಕ್ರಮದ ಹಾಲ್‌ಗೆ ಹೋಗಿದ್ದಳು. ದಪ್ಪ ಬಟ್ಟೆ, ಹಿಂದೆ ಎರಡು ಜೇಬು, ಜೇಬಿಗೊಂದೊಂದು ಗಟ್ಟಿ ಗುಂಡಿ. ಚೆನ್ನಪ್ಪ ಕನ್ನಡಿ ಕೇಳಿದನಂತೆ.

ಹತ್ತಕ್ಕೆ ಶುರುವಾಗಬೇಕಿದ್ದ ಕಾರ್ಯಕ್ರಮ. ಮಡಿಕೇರಿ ಕಡೆಯಿಂದ ಬರಬೇಕಿದ್ದ ಮುಖ್ಯ ಅತಿಥಿಗಳು ಬಂದಿರಲಿಲ್ಲ. ಫೋನ್ ಮಾಡಿದಾಗಲೆಲ್ಲ "ಅರಂತೋಡಿನಲ್ಲಿದ್ದಾರೆ, ಈಗ ಬಂದ್ರು" ಎಂಬ ಉತ್ತರ. ಒಂದೂವರೆ ಗಂಟೆ ಕಾಲ ಅವರು ಅರಂತೋಡಿನಲ್ಲೇ ಇದ್ದರು. ಅತಿಥಿಗಳು ಬಾರದೆ ಸನ್ಮಾನ ಮಾಡುವ ಕ್ರಮ ನಮ್ಮಲ್ಲಿಲ್ಲ. ಏಲಿಯಮ್ಮನನ್ನು ಅಷ್ಟರಲ್ಲಿ ವೇದಿಕೆಯ ಮೇಲೆ ಜರಿಯ ಕುರ್ಚಿಯಲ್ಲಿ ಕೂರಿಸಿ ತಲೆಗೆ ಪೇಟ ಇಟ್ಟಾಗಿತ್ತು. ಚೆನ್ನಪ್ಪ ಕೆಳಗೆ ಮುಂದಿನ ಸಾಲಿನಲ್ಲಿ, ಅಂದು ಕೊಡಬೇಕಿದ್ದ ಹೊಸ ಗಾಲಿಕುರ್ಚಿಯಲ್ಲೇ. ಮುಂದಿನ ಸಾಲು ಗಣ್ಯರಿಗೆಂದು ಸ್ವಯಂಸೇವಕರು ಹಮೀದನನ್ನು ಹಿಂದಕ್ಕೆ ಕಳಿಸಿದ್ದರು. ಗಿರಿಜ ಒಬ್ಬಳಿಂದ ಅವನನ್ನು ಎತ್ತಲಾಗುತ್ತಿರಲಿಲ್ಲ, ಅಷ್ಟು ಜನರ ಎದುರು ಕೂಗಿ ಕರೆಯಲು ನಾಚಿಕೆ. ಏಲಿಯಮ್ಮ ಮೇಲಿನಿಂದ ನನ್ನನ್ನು ನೋಡಿದಳು. ನಾನು ಅವಳಿಗೆ ಕೈಯಲ್ಲಿ "ಈಗ, ಈಗ" ಎಂದು ಸನ್ನೆ ಮಾಡಿದೆ. ಮೈಕು ನನ್ನ ಕೈಯಲ್ಲಿತ್ತು. ಮೊದಲು ಇವರದು ಮುಗಿಸೋಣ ಎಂದು ಹೇಳಲು ಒಂದು ವಾಕ್ಯ ಸಾಕಿತ್ತು. ಸಂಘದವರು ಏನೆಂದುಕೊಂಡಾರು ಎಂದು ಹೇಳಲಿಲ್ಲ.

ಅತಿಥಿಗಳು ಬಂದರು, ಮಾತಾಡಿದರು. ಕೊನೆಗೆ ನಾನು ಪತ್ರ ತೆರೆದೆ. ಈ ಸಲದ್ದು ವಿಶೇಷ ಎಂದು ಎರಡು ಪುಟ ಬರೆದಿದ್ದೆ. ಮೊದಲ ಪುಟದ ಕೊನೆಯಲ್ಲಿ ಸ್ವರ ಏರಿಸಿ "ಅಪ್ಪಟ ಮಾನವತಾವಾದಿ" ಎನ್ನುವಷ್ಟರಲ್ಲಿ ಏಲಿಯಮ್ಮ ಎದ್ದಳು. ಮಡಿಲಲ್ಲಿದ್ದ ಹಣ್ಣಿನ ಬುಟ್ಟಿ ಉರುಳಿತು. ಪೇಟ ಹಾಗೆಯೇ ತಲೆಯ ಮೇಲಿತ್ತು. ವೇದಿಕೆಯ ಮೆಟ್ಟಿಲಿಳಿದು ನೇರ ಚೆನ್ನಪ್ಪನ ಬಳಿ ಹೋಗಿ ಅವನ ಕಂಕುಳಿಗೆ ಕೈ ಹಾಕಿದಳು. ಜನರೆಲ್ಲ ಅದೂ ಕಾರ್ಯಕ್ರಮದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಫೋಟೊದವನು ಓಡಿಬಂದ.

"ಮಾಷೆ, ಓದಿದ್ದು ಸಾಕು. ಇಳಿದು ಬನ್ನಿ" ಎಂದು ಅವಳು ಕೂಗಿದಳು.

ನಾನು ಇಳಿಯಲಿಲ್ಲ. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಪತ್ರ. ಫ್ರೇಮ್ ಹಾಕಿಸಿದ್ದ ಪತ್ರ, ಅದನ್ನು ಎಲ್ಲಿಡುವುದೆಂದು ಸುತ್ತ ನೋಡುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಹಮೀದ ಕುರ್ಚಿಗಳನ್ನು ದಾಟಿಕೊಂಡು ಬಂದು ಸೊಂಟ ಹಿಡಿದ.

ಮನೆಗೆ ಕರೆತಂದು ಮಲಗಿಸಿ ನೋಡಿದಾಗ ಚೆನ್ನಪ್ಪನ ಬಲಗಡೆಯ ಪೃಷ್ಠದಲ್ಲಿ ಒಂದು ಕೆಂಪು ಗುರುತು ಇತ್ತು. ದುಂಡಗೆ, ನಡುವೆ ನಾಲ್ಕು ಚುಕ್ಕೆ. ಪ್ಯಾಂಟಿನ ಗುಂಡಿಯ ಅಚ್ಚು. ಏಲಿಯಮ್ಮ ಅದರ ಮೇಲೆ ಬೆರಳು ಒತ್ತಿ ತೆಗೆದಳು. ಒಳ್ಳೆಯ ಚರ್ಮವಾದರೆ ಒತ್ತಿದಲ್ಲಿ ಬೆಳ್ಳಗಾಗಿ, ಬೆರಳು ತೆಗೆದ ಮೇಲೆ ಬಣ್ಣ ಮರಳಿ ಬರುತ್ತದೆ. ಇಲ್ಲಿ ಬೆಳ್ಳಗಾಗಲೇ ಇಲ್ಲ. ಅವಳು ಇನ್ನೊಮ್ಮೆ ಒತ್ತಿದಳು. "ಪ್ಯಾಂಟ್ ಯಾರು ಕೊಟ್ಟದ್ದು?" ಎಂದು ಕೇಳಿದಳು. ಗಿರಿಜ ನನ್ನ ಕಡೆ ನೋಡಿದಳು.

ನಾಲ್ಕು ದಿನಗಳಲ್ಲಿ ಅದು ಕಪ್ಪಾಯಿತು, ಆಮೇಲೆ ಒಡೆಯಿತು. ಜ್ವರ ಬಂತು. ಪುತ್ತೂರಿನ ಆಸ್ಪತ್ರೆಗೆ ಸೇರಿಸಿದರು. ನಂಜು ರಕ್ತಕ್ಕೆ ಏರಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಗಿರಿಜಳಿಗೆ ಹೇಳುವಾಗ ನಾನು ಅಲ್ಲೇ ಇದ್ದೆ. ನನ್ನ ಇಡೀ ಬದುಕಿನಲ್ಲಿ ಅಷ್ಟು ಹೆದರಿದ್ದು ಇನ್ನೊಂದು ನೆನಪಿಲ್ಲ. ಯಾರಿಗೂ ಕೆಡುಕು ಬಯಸದವನು, ಮರ್ಯಾದೆ ಕೊಡಲು ಹೊರಟವನು, ಒಬ್ಬ ಮನುಷ್ಯನ ಮೈಯಲ್ಲಿ ಮುಷ್ಟಿ ಗಾತ್ರದ ಗುಳಿ ಮಾಡಿದ್ದೆ.

ಅವನು ಉಳಿದ. ಮನೆಗೆ ಬಂದ. ಗಾಯ ತುಂಬಲು ಒಂದು ಮಳೆಗಾಲ ಪೂರ್ತಿ ಹೋಗಿ ದೀಪಾವಳಿಯೂ ದಾಟಿತು. ಅಷ್ಟು ದಿನ ಏಲಿಯಮ್ಮ ಬೆಳಿಗ್ಗೆ ಸಂಜೆ ಬಂದು ಗಾಯ ತೊಳೆದು ಕಟ್ಟಿದಳು. ತನ್ನ ರಬ್ಬರ್ ಮರಗಳನ್ನು ಬೇರೆಯವರಿಗೆ ಪಾಲಿಗೆ ಕೊಟ್ಟುಬಿಟ್ಟಳು. ನನಗೆ ಒಂದು ಮಾತು ಬಯ್ಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ತಡೆಯಲಾಗದೆ ಒಂದು ದಿನ ಅವಳ ಎದುರು ನಿಂತು ತಪ್ಪಾಯಿತು ಎಂದೆ.

"ನನ್ನ ಹತ್ರ ಎಂತಕ್ಕೆ ಹೇಳುದು? ಅವನ ಹತ್ರ ಹೇಳಿ. ಹೇಳಿ ಆದ್ಮೇಲೆ ಕೈ ತೊಳ್ದು ಬನ್ನಿ. ನಾಲ್ಕೂವರೆಯದ್ದು ಇನ್ನು ನಿಮ್ದು."

ಚೆನ್ನಪ್ಪನಿಗೆ ಹೇಳಿದೆ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. "ಪ್ಯಾಂಟ್ ಹಾಕ್ಬೇಕು ಅಂತ ನನಗೇ ಆಸೆ ಇತ್ತು ಮಾಸ್ಟ್ರೇ" ಎಂದ. "ಹೋಗ್ತೇನೆ ಹೇಳಿದ್ದೂ ನಾನೇ. ತಪ್ಪನ್ನೆಲ್ಲ ನೀವೊಬ್ರೇ ತಕ್ಕೊಂಡ್ರೆ, ನಾನೆಂತ ಅಲ್ಲಿಗೆ ಹೊತ್ತುಕೊಂಡು ಹೋದ ಮೂಟೆಯಾ?"

 ಕೈ ತೊಳೆದು ಬಂದೆ. ತಿರುಗಿಸಲಾ ಎಂದು ಕೇಳಿದೆ. ಅವನು ಹೂಂ ಎಂದ. ಏಲಿಯಮ್ಮ ನನ್ನ ಎರಡು ಕೈಗಳನ್ನೂ ಹಿಡಿದು, ಒಂದನ್ನು ಅವನ ಹೆಗಲ ಮೇಲೆ, ಇನ್ನೊಂದನ್ನು ಸೊಂಟದ ಮೇಲೆ ಇಟ್ಟು, "ಎಳೀಬೇಡಿ. ಎಳೆದ್ರೆ ಚರ್ಮ ಹರೀತದೆ. ನಿಮ್ಮ ಭಾರ ಹಿಂದಕ್ಕೆ ಬಿಡಿ, ಅವನಾಗೇ ಬರ್ತಾನೆ" ಎಂದಳು. ಮನುಷ್ಯನ ಮೈ ಇಷ್ಟು ಬೆಚ್ಚಗಿರುತ್ತದೆಂದು ಅರುವತ್ತು ದಾಟಿದ ಮೇಲೆ ಮೊದಲ ಸಲ ತಿಳಿದವನಂತೆ ನಿಂತಿದ್ದೆ. ನನ್ನ ಬೆನ್ನುನೋವಿನ ಸಂಗತಿಯನ್ನು ಅವಳು ಆಮೇಲೆಯೂ ಎತ್ತಲಿಲ್ಲ.

ಇದೆಲ್ಲ ಆಗಿ ಆರು ವರ್ಷವಾಯಿತು. ನಾಲ್ಕೂವರೆಯದ್ದು ಈಗಲೂ ನನ್ನದೇ. ಚೆನ್ನಪ್ಪ ಮೆತ್ತೆ ಹಾಕಿದ ಗಾಲಿಕುರ್ಚಿಯಲ್ಲಿ ದಿನಕ್ಕೆ ಇಂತಿಷ್ಟು ಹೊತ್ತು ಕುಳಿತು ಬುಟ್ಟಿ ಹೆಣೆಯುತ್ತಾನೆ. ಕೆಲವು ದಿನ ನಾನು ಹೋದಾಗ "ಈಗ ಬೇಡ, ಈ ಸುತ್ತು ಮುಗೀಲಿ" ಎಂದು ಕಾಯಿಸುತ್ತಾನೆ. ಜಗಲಿಯಲ್ಲಿ ಕುಳಿತು ಕಾಯುತ್ತೇನೆ. ಮೊದಲು ಕಿರಿಕಿರಿಯಾಗುತ್ತಿತ್ತು, ಈಗ ಇಲ್ಲ. ಏಲಿಯಮ್ಮನ ಸನ್ಮಾನ ಪತ್ರ ಅವಳ ಮನೆಯಲ್ಲಿ ಎಲ್ಲಿದೆಯೆಂದು ನನಗೆ ತಿಳಿಯದು, ಕೇಳಿಯೂ ಇಲ್ಲ. ದೋಣಿಯವರಿಗೆ ಬರೆಯಬೇಕಾದ್ದನ್ನು ಕೊನೆಗೆ ಬರೆದು ಮುಗಿಸಿದೆ. ಯಾವ ದಿನ, ಎಷ್ಟು ಸಲ ನದಿ ದಾಟಿದರು, ಯಾರನ್ನು ಮೊದಲು ಹತ್ತಿಸಿದರು ಎಂದು ಅವರಿಗೇ ಫೋನ್ ಮಾಡಿ ಕೇಳಿ ಅಷ್ಟನ್ನೇ ಬರೆದಿದ್ದೇನೆ. ಅರ್ಧ ಪುಟವೂ ಆಗಿಲ್ಲ. ಯುವಕ ಮಂಡಲದವರಿಗೆ ಸಮಾಧಾನವಾಗಲಿಕ್ಕಿಲ್ಲ.

ಮೂರು ದಿನದ ಹಿಂದೆ ಏಲಿಯಮ್ಮ ಕೇರಳಕ್ಕೆ ಹೋಗಿದ್ದಾಳೆ. ಅವಳ ಅಕ್ಕನಿಗೆ ಹುಷಾರಿಲ್ಲ. ಚೆನ್ನಪ್ಪ ಬಿದ್ದ ಮೇಲೆ ಅವಳು ಊರು ಬಿಟ್ಟದ್ದು ಇದೇ ಮೊದಲು. ನಾಲ್ಕೇ ದಿನ ಎಂದು ಹೇಳಿ ಹೊರಟವಳು, ಹೊರಡುವಾಗ ಚರ್ಮ ನೋಡುವ ಕೆಲಸವನ್ನು ನನಗೆ ವಹಿಸಿದಳು. ಅದನ್ನು ಅವಳು ಇದುವರೆಗೆ ಗಿರಿಜಳ ಹೊರತು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಗಿರಿಜ ಬೆಳಿಗ್ಗೆ ನೋಡಬೇಕು, ಸಂಜೆಯ ಬೆಳಕಿನಲ್ಲಿ ನಾನು. ದಿನವೂ ಆರು ಗಂಟೆಗೆ ಫೋನ್ ಬರುತ್ತದೆ. ಈಗಷ್ಟೇ ಬಂತು.

"ಕೆಂಪು ಉಂಟಾ?"

"ಎಡಗಡೆ ಸೊಂಟದ ಎಲುಬಿನ ಮೇಲೆ ಸ್ವಲ್ಪ ಇತ್ತು."

"ಒತ್ತಿ ನೋಡಿದ್ರಾ?"

"ನೋಡಿದೆ. ಬೆಳ್ಳಗಾಗಿ ಬಣ್ಣ ಬಂತು. ಕಾಲು ಗಂಟೆ ಬಿಟ್ಟು ಪುನಃ ನೋಡಿದೆ, ಕೆಂಪೂ ಹೋಗಿತ್ತು."

 ಆ ಕಡೆ ಯಾರೋ ಮಲಯಾಳದಲ್ಲಿ ಏನೋ ಕೇಳಿದ್ದು, ಅವಳು ಉತ್ತರ ಕೊಟ್ಟದ್ದು ಕೇಳಿಸಿತು. ಆಮೇಲೆ ನನಗೆ ಹೇಳಿದಳು:

"ಹಾಗಾದ್ರೆ ನಾನು ಇನ್ನೆರಡು ದಿನ ಅಕ್ಕನ ಹತ್ರ ಇದ್ದು ಬರ್ತೇನೆ ಮಾಷೆ."

ಫೋನ್ ಇಟ್ಟ ಮೇಲೆ ನನಗೆ ಕೂರಲಾಗಲಿಲ್ಲ. ಕಣ್ಣು ತುಂಬಿ ಬಂದಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಸಂತೋಷದಿಂದ.